ಅಪ್‌ಡೇಟ್: ಗದ್ದ ಊದಿದ್ದ ಮೇಕೆಮರಿಗಳು ಚೇತರಿಸಿಕೊಂಡವು

ಎರಡು ವಾರದ ಹಿಂದೆ ಕೇಳಿದ್ದೆನಲ್ಲ, ಶಿರಾ ಹತ್ತಿರದ ನಮ್ಮ ತೋಟದಲ್ಲಿ ಮೂರು ಮರಿಗಳಿಗೆ ಗದ್ದದ ಕೆಳಗೆ ನೀರು ತುಂಬಿ ಊದಿದೆ, ಮೇವು ಮುಟ್ಟುತ್ತಿಲ್ಲ ಅಂತ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಒಳಗೆ ಕೆಂಪೇ ಇರಲಿಲ್ಲ, ಸುಣ್ಣದ ಹಾಗೆ ಬೆಳ್ಳಗಿತ್ತು, ಅಂದ್ರೆ ಮೈಯಲ್ಲಿ ರಕ್ತ ಕಡಿಮೆಯಾಗಿತ್ತು! ಹಿಕ್ಕೆ ಪರೀಕ್ಷೆ ಮಾಡಿಸಿದರೆ ರಕ್ತ ಹೀರುವ ಹೊಟ್ಟೆಹುಳ. ಬೇವಿನ ಸೊಪ್ಪು ಕೆಲಸ ಮಾಡಲಿಲ್ಲ. ಪ್ರತಿ ಸಲ ಕುಡಿಸುತ್ತಿದ್ದ ಜಂತುಹುಳದ ಔಷಧಿ ಆಲ್ಬೆಂಡಜೋಲ್‌ಗೆ ಹುಳ ಒಗ್ಗಿಹೋಗಿತ್ತಂತೆ, ನಾನು ತೂಕ ನೋಡದೆ ಅಂದಾಜಿನಲ್ಲಿ ಕಡಿಮೆ ಕುಡಿಸಿದ್ದೂ ಅದಕ್ಕೆ ಕಾರಣ ಅಂದರು ಡಾಕ್ಟರ್. ಅವರೇ ಮರಿಗಳನ್ನು ತೂಗಿ ಬೇರೆ ಔಷಧಿ ಕೊಟ್ಟರು, ವಾರದೊಳಗೆ ಊತ ಇಳಿಯಿತು. ನನಗೆ ಗೊತ್ತೇ ಇರದ ವಿಷಯ ಅಂದ್ರೆ, ಒದ್ದೆ ಹುಲ್ಲಿನ ಮೇಲೆ ಈ ಹೊಟ್ಟೆಹುಳದ ಮರಿಗಳು ಹತ್ತಿ ಕೂತಿರುತ್ತವಂತೆ. ಈಗ ಇಬ್ಬನಿ ಆರಿದ ಮೇಲೆಯೇ ಮೇಯಲು ಬಿಡುತ್ತೇನೆ. ನಿನ್ನೆ ಚಿಕ್ಕದು ಬೇಲಿಗೆ ಮುಂಗಾಲು ಕೊಟ್ಟು ಹುಣಸೆ ಚಿಗುರು ಕಿತ್ತು ತಿನ್ನುತ್ತಿತ್ತು.