ಅಪ್‌ಡೇಟ್: ಬೈನಾಕ್ಯುಲರ್, ಬ್ಯಾಗು, ರೈಫಲ್ ಮೂರೂ ಆಯ್ತು

ಬೆಟ್ಟದಲ್ಲಿ ಐದು ದಿನ ನಡೆದು ಬೇಟೆಯಾಡಲು ಯಾವ ಬೈನಾಕ್ಯುಲರ್, ಬ್ಯಾಗು, ರೈಫಲ್ ಬೇಕು ಅಂತ ಕೇಳಿದ್ದೆ. ಹೋಗಿ ಬಂದೆ. ಬರಿಗೈಯಲ್ಲೇ ಬಂದೆ, ಅದು ಬೇರೆ ಮಾತು.

ದುಡ್ಡು ಮೊದಲು ಗಾಜಿಗೆ, ಅಂದರೆ ಒಳ್ಳೆಯ ಬೈನಾಕ್ಯುಲರಿಗೆ ಹಾಕಿ ಅಂದಿದ್ದಿರಿ. ನೂರಕ್ಕೆ ನೂರು ಸರಿ. 12×50ರ (12 ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಗಾಜು 50 ಮಿ.ಮೀ. ಅಗಲದ್ದು) ಆಸೆ ಬಿಟ್ಟು 10×42 ತೆಗೆದುಕೊಂಡೆ. ಕೈಯಲ್ಲಿ ಹಿಡಿದರೆ ಎದುರಿನ ಇಳಿಜಾರೆಲ್ಲ ನಡುಗುತ್ತಿತ್ತು. ಸಣ್ಣ ಟ್ರೈಪಾಡ್ ಮೇಲೆ ಕೂರಿಸಿದೆ ನೋಡಿ, ಅಷ್ಟು ಹೊತ್ತು ಬಂಡೆ ಅಂದುಕೊಂಡಿದ್ದು ಕಿವಿ ಅಲ್ಲಾಡಿಸಿತು! ಟ್ರೈಪಾಡ್ ಸುಮ್ನೆ ಭಾರ ಅಂತ ವಾದ ಮಾಡಿದ್ದು ನಾನೇ, ಅಲ್ವಾ? ಮಾತು ವಾಪಸ್ ತೆಗೆದುಕೊಂಡೆ.

ಬ್ಯಾಗಿನಲ್ಲಿ ಮಾತ್ರ ಎಡವಿದೆ. ಖಾಲಿ ಬ್ಯಾಗು ಹಾಕಿಕೊಂಡು ನೋಡಿ ಕೊಂಡಿದ್ದೆ. 20 ಕೆ.ಜಿ. ತುಂಬಿದ ಮೇಲೆ ಸೊಂಟದ ಬೆಲ್ಟ್ ಜಾರಿ, ಭಾರವೆಲ್ಲ ಹೆಗಲಿಗೆ ಬಿತ್ತು. ಎರಡನೇ ದಿನಕ್ಕೇ ಹೆಗಲು ಕೆಂಪಗಾಗಿತ್ತು. ಅದನ್ನು ಬದಲಾಯಿಸುತ್ತೇನೆ.

ರೈಫಲ್ ಹೊಸದು ಕೊಳ್ಳಲಿಲ್ಲ. ಹಗುರವಾದದ್ದು ಹೊರಲು ಸುಲಭ, ಆದರೆ ಗುಂಡು ಹಾರಿಸಿದಾಗ ಹೆಗಲಿಗೆ ಒದೆ ಜಾಸ್ತಿ. ನನ್ನ ಹಳೆಯ .308 ಗುಂಡಿನ ರೈಫಲ್ಲಿಗೇ 3-9×40 ಸ್ಕೋಪ್ (3ರಿಂದ 9 ಪಟ್ಟು ದೊಡ್ಡದಾಗಿ ತೋರಿಸುವ, ಗುರಿ ಇಡುವ ದುರ್ಬೀನು) ಹಾಕಿಸಿದೆ. ಮೂರನೇ ದಿನ ಕಲ್ಲಿನ ಮೇಲೆ ಜಾರಿ ಬಿದ್ದೆ, ಸ್ಕೋಪಿಗೂ ಏಟು. ಹೊರಗಿನಿಂದ ಗೀರು ಕೂಡ ಇರಲಿಲ್ಲ. ವಾಪಸ್ ಬಂದು 100 ಮೀಟರಿನಲ್ಲಿ ಗುರಿ ಹಲಗೆಗೆ ಹೊಡೆದು ನೋಡಿದರೆ ಗುಂಡು ಒಂದು ಗೇಣು ಎಡಕ್ಕೆ! ಪುಣ್ಯಕ್ಕೆ ಅಲ್ಲಿ ಪ್ರಾಣಿಯ ಮೇಲೆ ಗುಂಡು ಹಾರಿಸಿರಲಿಲ್ಲ.

ಈಗ ಸ್ಕೋಪ್ ಬಿಗಿ ಮಾಡುವ ಟಾರ್ಕ್ ಡ್ರೈವರ್ (ತಿರುಪನ್ನು ಅಳತೆಯ ಬಲದಲ್ಲಿ ಬಿಗಿಯುವ ಸ್ಕ್ರೂಡ್ರೈವರ್) ಹುಡುಕುತ್ತಿದ್ದೇನೆ. ಬಳಸಿದವರು ಹೇಳಿ.