ಬೆಂಗಳೂರು–ಲಂಡನ್ ವಿಮಾನ: ಹೋಗಲು ಆರು ಗಂಟೆ, ಬರಲು ಹದಿನಾಲ್ಕಾ?

ಪ್ರಶ್ನೆ: ಅಪ್ಪ, ಅಮ್ಮ ಜೂನ್‌ನಲ್ಲಿ ಮೊದಲ ಸಲ ಲಂಡನ್‌ಗೆ, ಅಕ್ಕನ ಮನೆಗೆ ಹೊರಟಿದ್ದಾರೆ. ಟಿಕೆಟ್‌ನಲ್ಲಿ ಮಧ್ಯಾಹ್ನ 1ಕ್ಕೆ ಬೆಂಗಳೂರು ಬಿಟ್ಟು ಸಂಜೆ 7ಕ್ಕೆ ಲಂಡನ್ ಅಂತಿದೆ. ಬರುವಾಗ ರಾತ್ರಿ 8ಕ್ಕೆ ಹೊರಟು ಮಾರನೇ ದಿನ ಬೆಳಿಗ್ಗೆ 10:15ಕ್ಕೆ ಬೆಂಗಳೂರು. ಎರಡೂ ನೇರ ವಿಮಾನ, ಇಷ್ಟು ವ್ಯತ್ಯಾಸ ಯಾಕೆ? ಅಮ್ಮನಿಗೆ ಸಕ್ಕರೆ ಕಾಯಿಲೆ. ಊಟ, ಇನ್ಸುಲಿನ್ ಹೊತ್ತಿಗೆ ಸರಿಯಾಗಿ ಆಗಬೇಕು.

ಉತ್ತರ (ಫ್ಲೈಟ್ ಡಿಸ್ಪ್ಯಾಚರ್, ಅಂದರೆ ವಿಮಾನದ ದಾರಿ, ಇಂಧನ ಲೆಕ್ಕ ಹಾಕುವವರು): ಗಾಬರಿ ಬೇಡ. ಟಿಕೆಟ್‌ನಲ್ಲಿ ಹಾಕುವುದು ಆಯಾ ಊರಿನ ಗಡಿಯಾರದ ಸಮಯ. ಜೂನ್‌ನಲ್ಲಿ ಲಂಡನ್ ನಮಗಿಂತ ನಾಲ್ಕೂವರೆ ಗಂಟೆ ಹಿಂದಿರುತ್ತದೆ, ಚಳಿಗಾಲದಲ್ಲಿ ಐದೂವರೆ. ಹೋಗುವಾಗ ಆರಕ್ಕೆ ನಾಲ್ಕೂವರೆ ಕೂಡಿಸಿ, ಹತ್ತೂವರೆ ಗಂಟೆ. ಬರುವಾಗ ಹದಿನಾಲ್ಕೂಕಾಲರಲ್ಲಿ ನಾಲ್ಕೂವರೆ ಕಳೆಯಿರಿ, ಒಂಬತ್ತೂಮುಕ್ಕಾಲು. ಅಮ್ಮನಿಗೆ ಬೇಕಾಗಿರುವುದು ಈ ಲೆಕ್ಕ.

ಇನ್ನೂ ಮುಕ್ಕಾಲು ಗಂಟೆ ವ್ಯತ್ಯಾಸ ಉಳಿಯಿತು ಅಲ್ವಾ? ಅದಕ್ಕೆ ಮುಖ್ಯ ಕಾರಣ ಗಾಳಿ. ಎರಡು ಊರಿನ ನಡುವೆ ನೇರ ದೂರ ಸುಮಾರು 8,000 ಕಿ.ಮೀ. ವಿಮಾನದ ವೇಗ ಗಂಟೆಗೆ 900 ಕಿ.ಮೀ. ಆಸುಪಾಸು. ಎತ್ತರದಲ್ಲಿ, ಹತ್ತು ಕಿ.ಮೀ. ಆಸುಪಾಸಿನಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹೊಳೆ ಹರಿಯುತ್ತದೆ. ಲಂಡನ್‌ಗೆ ಹೋಗುವಾಗ ಅದು ಎದುರು, ಬರುವಾಗ ಬೆನ್ನಿಗೆ. ಗಂಟೆಗೆ 60 ಕಿ.ಮೀ. ಎದುರು ಗಾಳಿ ಸಿಕ್ಕರೆ ನೆಲದ ಲೆಕ್ಕದಲ್ಲಿ ವೇಗ 840ಕ್ಕೆ ಇಳಿಯುತ್ತದೆ. ಅಷ್ಟೇ ಗಾಳಿ ಬೆನ್ನಿಗಿದ್ದರೆ 960. ಇಷ್ಟರಲ್ಲೇ ಒಂದು ಗಂಟೆಗಿಂತ ಜಾಸ್ತಿ ಅಂತರ ಬೀಳುತ್ತದೆ.

ಮುಂಗಾರಿನಲ್ಲಿ ಒಂದು ವಿಶೇಷ ಇದೆ, ನನಗೆ ಬಹಳ ಇಷ್ಟವಾದದ್ದು. ಆಗ ದಕ್ಷಿಣ ಭಾರತದ ಮೇಲೆ, ತುಂಬಾ ಎತ್ತರದಲ್ಲಿ, ಗಾಳಿ ತಿರುಗಿ ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತದೆ. ಮೊದಲ ತುಂಡು ದಾರಿಯಲ್ಲಿ ಅದು ಹೋಗುವವರಿಗೇ ನೆರವಾಗುತ್ತದೆ. ಉತ್ತರಕ್ಕೆ ಹೋದಂತೆ ಮತ್ತೆ ಎದುರು ಗಾಳಿ. ಅದಕ್ಕೇ ಪ್ರತಿ ವಿಮಾನಕ್ಕೂ ಆ ದಿನದ ಗಾಳಿ ನೋಡಿಯೇ ದಾರಿ, ಇಂಧನ ಲೆಕ್ಕ ಹಾಕುತ್ತೇವೆ. ಯಾವುದಾದರೂ ದೇಶ ತನ್ನ ಆಕಾಶ ಮುಚ್ಚಿದರೆ ಸುತ್ತು ಹಾಕಬೇಕು. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ನಮ್ಮ ಏರ್‌ಲೈನ್‌ಗಳಿಗೆ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳಿಗೆ ಹಾಗೇ ಆಯಿತು.

ಇನ್ನೊಬ್ಬರು: ಭೂಮಿ ಪೂರ್ವಕ್ಕೆ ತಿರುಗುತ್ತದಲ್ಲ, ಪಶ್ಚಿಮಕ್ಕೆ ಹೋಗುವವರು ಬೇಗ ತಲುಪಬೇಕಲ್ವಾ?

ಉತ್ತರ: ಗಾಳಿಯೂ ಭೂಮಿಯ ಜೊತೆಗೇ ತಿರುಗುತ್ತದೆ. ಓಡುವ ರೈಲಿನೊಳಗೆ ಚೆಂಡು ಮೇಲೆ ಎಸೆದರೆ ನಿಮ್ಮ ಕೈಗೇ ಬೀಳುವುದಿಲ್ಲವೇ? ಹಾಗೆ.

ಪ್ರಶ್ನೆ ಕೇಳಿದವರು: ಹಾಗಾದರೆ ಅಮ್ಮ ಇನ್ಸುಲಿನ್ ಯಾವ ಗಡಿಯಾರ ನೋಡಿ ತಗೊಳ್ಳಲಿ?

ಉತ್ತರ: ಡೋಸ್ ಮಾತು ಡಾಕ್ಟರ್‌ಗೇ ಬಿಡಿ. ಹೋಗುವ ಮೊದಲೇ ಎರಡೂ ಪ್ರಯಾಣದ ಗಂಟೆ ಲೆಕ್ಕ ಒಂದು ಚೀಟಿಯಲ್ಲಿ ಬರೆದು ಅವರಿಗೆ ತೋರಿಸಿ. ವಿಮಾನದಲ್ಲಿ ಅಮ್ಮನ ಕೈಗಡಿಯಾರ ನಮ್ಮ ಊರಿನ ಸಮಯದಲ್ಲೇ ಇರಲಿ, ಅಪ್ಪನದು ಲಂಡನ್‌ಗೆ ತಿರುಗಿಸಿ. ಇನ್ಸುಲಿನ್ ಮಾತ್ರ ಕೈಚೀಲದಲ್ಲೇ ಇರಲಿ, ಚೆಕ್-ಇನ್ ಪೆಟ್ಟಿಗೆಗೆ ಹಾಕಬೇಡಿ.