ಗೋತ್ರ ಬೇರೆ, ಅಜ್ಜ ಅಜ್ಜಿ ಒಬ್ಬರೇ: ಮದುವೆಗೆ ಮುನ್ನ ಡಾಕ್ಟರರಲ್ಲಿ ಕೇಳಿದ ಪ್ರಶ್ನೆಗಳು

ಬದಿಯಡ್ಕದ ಸದಸ್ಯೆ: ಡಾಕ್ಟರೇ, ನನ್ನ ಅಣ್ಣನ ಮಗನಿಗೆ ಥಲಸೀಮಿಯ ಎಂಬ ವಂಶಪಾರಂಪರ್ಯದ ರಕ್ತದ ಕಾಯಿಲೆ ಇದ್ದು, ಮೂರು ವಾರಕ್ಕೊಮ್ಮೆ ಮಂಗಳೂರಿಗೆ ಕರೆದೊಯ್ದು ರಕ್ತ ಕೊಡಿಸುತ್ತೇವೆ. ಈಗ ಸೋದರಮಾವನ ಮಗನೊಂದಿಗೆ ನನ್ನ ಮದುವೆಯ ಮಾತುಕತೆ ನಡೆಯುತ್ತಿದೆ. ನನ್ನ ಹಿಮೋಗ್ಲೋಬಿನ್ 10.1, ಎಂಸಿವಿ (ಕೆಂಪು ರಕ್ತಕಣಗಳ ಸರಾಸರಿ ಗಾತ್ರ) 64; ಆರು ತಿಂಗಳು ಕಬ್ಬಿಣಾಂಶದ ಮಾತ್ರೆ ನುಂಗಿದರೂ ಏರಲಿಲ್ಲ. ಗೋತ್ರ ಬೇರೆಯಾದ್ದರಿಂದ ಹೆದರಬೇಕಾಗಿಲ್ಲ ಎಂದು ಮನೆಯಲ್ಲಿ ಹೇಳುತ್ತಾರೆ.

ಡಾಕ್ಟರ್: ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಮಗುವಿಗೆ ಆ ಕಾಯಿಲೆ ಇದೆಯೆಂದರೆ ಅದರ ತಂದೆ ತಾಯಿ ಇಬ್ಬರೂ ವಾಹಕರು, ಅಂದರೆ ದೋಷವುಳ್ಳ ಒಂದು ವಂಶವಾಹಿಯನ್ನು ಹೊತ್ತುಕೊಂಡೂ ಆರೋಗ್ಯವಾಗಿರುವವರು. ನಿಮ್ಮಣ್ಣನಿಗೆ ಅದು ನಿಮ್ಮ ತಂದೆಯಿಂದಲೋ ತಾಯಿಯಿಂದಲೋ ಬಂದಿರಬೇಕಾದ್ದರಿಂದ ನಿಮಗೂ ಬಂದಿರುವ ಸಂಭವ ಅರ್ಧಕ್ಕರ್ಧ; ಮಾತ್ರೆಗೆ ಜಗ್ಗದ ಆ 64 ಸಂಶಯವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ತಾಯಿಯ ಕಡೆಯಿಂದ ಬಂದದ್ದಾದರೆ ಅದು ನಿಮ್ಮ ಸೋದರಮಾವನಲ್ಲೂ ಅವರ ಮಗನಲ್ಲೂ ಇರಬಹುದು. ಗೋತ್ರ ಎಣಿಸುವುದು ತಂದೆಯ ಸಾಲನ್ನು ಮಾತ್ರ. ನಿಮ್ಮಿಬ್ಬರಿಗೂ ಅಜ್ಜ ಅಜ್ಜಿ ಒಬ್ಬರೇ, ಸರಾಸರಿ ಎಂಟರಲ್ಲೊಂದು ಪಾಲು ವಂಶವಾಹಿಗಳು ಒಂದೇ. ಇಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲೂ ಶೇ. 25ರ ಅಪಾಯವಿದ್ದು, ಮೊದಲ ಮಗು ಚೆನ್ನಾಗಿ ಹುಟ್ಟಿತೆಂದು ಎರಡನೆಯದಕ್ಕೆ ಅದು ತಗ್ಗುವುದಿಲ್ಲ. ಇಬ್ಬರೂ ಎಚ್‌ಪಿಎಲ್‌ಸಿ ಎಂಬ, ಹಿಮೋಗ್ಲೋಬಿನ್ನಿನ ಬಗೆಗಳನ್ನು ಅಳೆಯುವ ರಕ್ತಪರೀಕ್ಷೆ ಮಾಡಿಸಿ. ಅದರಲ್ಲಿ ಹಿಮೋಗ್ಲೋಬಿನ್ ಎ2 ಎಂಬ ಬಗೆ ಶೇ. 3.5 ದಾಟಿದರೆ ಸಾಮಾನ್ಯವಾಗಿ ವಾಹಕರೆಂದೇ ಲೆಕ್ಕ. ದೇಹದಲ್ಲಿ ಕಬ್ಬಿಣ ಎಷ್ಟು ಶೇಖರವಾಗಿದೆ ಎಂದು ತಿಳಿಸುವ ಫೆರಿಟಿನ್ ಪರೀಕ್ಷೆ ನೋಡದೆ ಇನ್ನೊಂದು ಮಾತ್ರೆಯನ್ನೂ ನುಂಗಬೇಡಿ.

ಕುಂಬಳೆಯ ಸದಸ್ಯರು: ಹುಡುಗ ಹುಡುಗಿಯದು ಒಂದೇ ರಕ್ತದ ಗುಂಪಾದರೆ ಮದುವೆ ಆಗಬಹುದೇ?

ಡಾಕ್ಟರ್: ಆಗಬಹುದು.

ಪೆರ್ಲದ ಸದಸ್ಯರು: ಬದಿಯಡ್ಕದ ಅಕ್ಕನವರ ಗಮನಕ್ಕೆ, ನನಗೆ ಬಂದ ಸಂದೇಶವೊಂದನ್ನು ಹಂಚುತ್ತಿದ್ದೇನೆ: ಗೋಧಿಹುಲ್ಲಿನ ರಸಕ್ಕೆ ಕಬ್ಬಿಣದ ಟಾನಿಕ್ ಬೆರೆಸಿ 48 ದಿನ ಕುಡಿಸಿದರೆ ಥಲಸೀಮಿಯ ಬುಡಸಮೇತ ಹೋಗುತ್ತದೆ.

ಡಾಕ್ಟರ್: ದಯವಿಟ್ಟು ಅಳಿಸಿಬಿಡಿ. ದೋಷವಿರುವುದು 11ನೇ ವರ್ಣತಂತುವಿನ ಒಂದು ವಂಶವಾಹಿಯಲ್ಲಿ. ಅಲ್ಲಿಗೆ ಯಾವ ರಸವೂ ತಲುಪುವುದಿಲ್ಲ. ಪದೇ ಪದೇ ರಕ್ತ ಪಡೆಯುವ ಮಗುವಿನ ಹೃದಯದಲ್ಲಿ, ಯಕೃತ್ತಿನಲ್ಲಿ ಕಬ್ಬಿಣ ಶೇಖರವಾಗುತ್ತದೆಂದು ಅದನ್ನು ಹೊರಹಾಕಲು ನಾವು ಔಷಧ ಕೊಡುತ್ತಿರುವಾಗ, ನೀವು ಟಾನಿಕ್ ಕುಡಿಸಲು ಹೇಳುತ್ತೀರಿ. ಇದನ್ನು ಕಳುಹಿಸಿದವರು ಒಂದು ದಿನವಾದರೂ ಆ ವಾರ್ಡಿನಲ್ಲಿ ಕುಳಿತಿದ್ದಾರೆಯೇ?

ಮುಳ್ಳೇರಿಯದ ಸದಸ್ಯರು: ನನ್ನ ಅಜ್ಜ ಅತ್ತೆಯ ಮಗಳನ್ನೇ ಮದುವೆಯಾದವರು. ಎಂಟು ಮಕ್ಕಳೂ ಗಟ್ಟಿಮುಟ್ಟಾಗಿದ್ದರು. ಈಗಿನ ಕಾಯಿಲೆಗಳೆಲ್ಲ ಎಂಡೋಸಲ್ಫಾನ್ ಕೀಟನಾಶಕದಿಂದ ಬಂದವು.

ಮಂಜೇಶ್ವರದ ಸದಸ್ಯೆ: ನಿಮ್ಮ ಅಜ್ಜಿ ಹೆತ್ತದ್ದು ಹನ್ನೊಂದು ಎಂದು ಕಳೆದ ತಿಂಗಳು ತಾವೇ ಬರೆದಿದ್ದಿರಿ. ಉಳಿದ ಮೂವರು ಎಲ್ಲಿ ಹೋದರು?

ಮುಳ್ಳೇರಿಯದ ಸದಸ್ಯರು: ಹಿರಿಯರ ಮನೆಯ ವಿಚಾರವನ್ನು ಕೆದಕುವುದು ಸಭ್ಯತೆಯಲ್ಲ.

ಮಂಜೇಶ್ವರದ ಸದಸ್ಯೆ: ಅದನ್ನು ಸಾಕ್ಷಿಯಾಗಿ ತಂದವರು ನೀವು.

ಉಪ್ಪಳದ ಸದಸ್ಯರು: ನನಗೆ ಕೆಂಪು ಹಸಿರಿನ ವ್ಯತ್ಯಾಸ ತಿಳಿಯುವುದಿಲ್ಲ. ಮಗಳ ಮಕ್ಕಳಿಗೂ ಹೀಗಾಗುತ್ತದೆಯೇ?

ಡಾಕ್ಟರ್: ಮುಳ್ಳೇರಿಯದವರೇ, 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವಿಷ ಸುರಿದದ್ದನ್ನು ಈ ಕಾಸರಗೋಡು ಜಿಲ್ಲೆಯವರು ಯಾರೂ ಮರೆತಿಲ್ಲ. ಆದರೆ ಥಲಸೀಮಿಯ ಅದರಿಂದ ಬಂದದ್ದಲ್ಲ. ಎರಡನ್ನೂ ಬೆರೆಸಿದರೆ ವಿಷದ ಸಂತ್ರಸ್ತರಿಗೂ ಅನ್ಯಾಯ, ಈ ಕುಟುಂಬಕ್ಕೂ ಅನ್ಯಾಯ.

ಕುಂಬಳೆಯ ಸದಸ್ಯರು: ಇಬ್ಬರದೂ ಓ ಪಾಸಿಟಿವ್. ತೊಂದರೆ ಇದೆಯೇ?

ಡಾಕ್ಟರ್: ಮೇಲೆ ಉತ್ತರಿಸಿದ್ದೇನೆ, ಓದಿ.

ಬದಿಯಡ್ಕದ ಸದಸ್ಯೆ: ಮಾವನ ಮನೆಯವರು ಹುಡುಗನ ರಕ್ತಪರೀಕ್ಷೆಗೆ ಒಪ್ಪುತ್ತಿಲ್ಲ.

ಡಾಕ್ಟರ್: ಹಾಗಾದರೆ ಮೊದಲು ನೀವೊಬ್ಬರೇ ಮಾಡಿಸಿ. ನೀವು ವಾಹಕರಲ್ಲವೆಂದು ಖಚಿತವಾದರೆ ಅವರನ್ನು ಒತ್ತಾಯಿಸುವ ಅಗತ್ಯವೇ ಇಲ್ಲ. ವಾಹಕರೆಂದಾದರೆ ಮಾವನನ್ನು ನನ್ನ ಬಳಿಗೆ ಕಳುಹಿಸಿ, ನಾನೇ ಮಾತನಾಡುತ್ತೇನೆ.